ಸರದಿ ತಪ್ಪಿದ ಯಂತ್ರ

"ಮೊದಲು ಅದನ್ನ ಆರಿಸಿ."

ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲಿ ಇನ್‌ಸ್ಪೆಕ್ಟರಮ್ಮನ ಬಾಯಿಂದ ಹೊರಟದ್ದು ಅಷ್ಟೇ. ನೋವಿನ ಮಂಡಿಯನ್ನು ಹೇಗೋ ಎಳೆದುಕೊಂಡು ಬಂದವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಹಿಂದೆಯೇ ಬಂದ ಮೆಕ್ಯಾನಿಕ್‌ನ ಒಂದು ಕೈಯಲ್ಲಿ ಅವನ ಹತ್ಯಾರದ ಪೆಟ್ಟಿಗೆ, ಇನ್ನೊಂದರಲ್ಲಿ ಅವರ ಕೈಚೀಲ. ಕೆಳಗೇ ಅದನ್ನು ಕೇಳಿ ಇಸಿದುಕೊಂಡಿದ್ದ.

ಕಿಟಕಿಯ ಪಕ್ಕದ ಒರಗು ಕುರ್ಚಿಯಲ್ಲಿ ಸಾಹುಕಾರರು ಪೇಪರ್ ಓದುತ್ತ ಕುಳಿತಿದ್ದರು. ಮೂಗಿಗೆ ಸಣ್ಣ ಕೊಳವೆ. ಅದರ ಇನ್ನೊಂದು ತುದಿ ಮಂಚದ ಮರೆಯಲ್ಲಿ ಗುರುಗುಡುತ್ತಿದ್ದ ಆಕ್ಸಿಜನ್ ಮಷಿನ್ನಿಗೆ.

"ಅದನ್ನ ಆರಿಸಿದ್ರೆ ನಾನೂ ಆರ್ತೀನಿ ಕಣಮ್ಮ" ಎಂದರು ಅವರು, ಪೇಪರ್ ಮಡಿಸುತ್ತ. "ಕೂತ್ಕೊಳ್ಳಿ. ನಿಮ್ಮ ಉಸಿರು ನನ್ನದಕ್ಕಿಂತ ಕೆಟ್ಟಿದೆ."

ಮೆಕ್ಯಾನಿಕ್ ನಗಲಿಲ್ಲ. ಮಂಚ ಬಳಸಿ ಹೋಗಿ ಕುಕ್ಕರುಗಾಲಲ್ಲಿ ಕುಳಿತ. ಮಷಿನ್ನಿನ ಬೆನ್ನು ಸವರಿ ನೋಡಿದ. ತಿರುಗಿದಾಗ ಅವನ ಮುಖದಲ್ಲಿ ಬೆವರಿತ್ತು.

"ಅಮ್ಮಾ, ಇದಲ್ಲ. ಇದು ಹಳೇದು."

ಇನ್‌ಸ್ಪೆಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ಸಾಹುಕಾರರು ತಮ್ಮ ದಾನದ ಟ್ರಸ್ಟನ್ನು ಅದರ ನೆರವು ಪಡೆಯುವ ಸಂಘಗಳ ಕೈಗೇ ಒಪ್ಪಿಸುವ ಸಭೆ ಇನ್ನು ಸ್ವಲ್ಪ ಹೊತ್ತಿಗೆ ಕೆಳಗಿನ ಹಜಾರದಲ್ಲಿ ಸೇರಬೇಕು. ಸಭೆ ಸೇರುವ ಮೊದಲೇ ನಿಮ್ಮ ಉಸಿರು ನಿಲ್ಲುತ್ತದೆ ಎಂದು ಯಾರೋ ಅವರಿಗೆ ಫೋನು ಮಾಡಿ ಬೆದರಿಸಿದ್ದರು. ಆ ಯಾರೋ ಯಾರು ಎಂದು ಹುಡುಕುವ ಕೆಲಸ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಹೂಕುಂಡಗಳಿಗೆ ನೀರು ಹಾಕಿಕೊಂಡಿದ್ದ ಇವರ ತಲೆಗೆ ಬಂದಿತ್ತು.

ಇವತ್ತು ಬೆಳಿಗ್ಗೆ ಆ ಬೆದರಿಕೆಗೆ ಕೈಕಾಲು ಮೂಡಿದ್ದವು.

ಸಾಹುಕಾರರದು ಅಂಗಿಗುಂಡಿ ಮಾಡುವ ಕಾರ್ಖಾನೆ. ಊರಿನಲ್ಲಿ ಅವರ ಗುಂಡಿಯಿಲ್ಲದ ಅಂಗಿಯಿಲ್ಲ, ಅವರ ನೆರವಿಲ್ಲದ ಸಂಘವಿಲ್ಲ ಎನ್ನುತ್ತಿದ್ದರು ಜನ. ಸಂಜೆ ಶಾಲೆ, ವಾಚನಾಲಯ, ಹೆಂಗಸರ ಹೊಲಿಗೆ ಸಂಘ, ಅಂಧರ ವಾದ್ಯಮೇಳ. ಇವೆಲ್ಲದರ ನಡುವೆ ಅವರ ಕರುಳಿಗೆ ಹತ್ತಿರವಾದದ್ದು ಉಪಕರಣ ಭಂಡಾರ. ಕಾಯಿಲೆಯವರಿಗೆ ವೀಲ್‌ಚೇರು, ವಾಕರ್, ಮಡಚುವ ಮಂಚ, ಆಕ್ಸಿಜನ್ ಮಷಿನ್ ಎಲ್ಲವನ್ನೂ ಪುಕ್ಕಟೆ ಕೊಟ್ಟು, ವಾಸಿಯಾದ ಮೇಲೆ ವಾಪಸು ಪಡೆಯುವ ಜಾಗ. ಅಲ್ಲಿಗೆ ಒಂದೇ ನಿಯಮ, ಅದನ್ನು ಮಾಡಿದವರೂ ಅವರೇ. ಮೊದಲು ವಾಪಸು ಬಂದ ವಸ್ತು ಮೊದಲು ಹೊರಗೆ ಹೋಗಬೇಕು, ಮೊದಲು ಕೇಳಿದವರಿಗೆ ಹೋಗಬೇಕು. ಮುಖ ನೋಡಿ ಮಣೆ ಹಾಕುವಂತಿಲ್ಲ.

ತಮ್ಮದೇ ಶ್ವಾಸಕೋಶ ಕೈಕೊಟ್ಟಾಗ ಸಾಹುಕಾರರೂ ಅಲ್ಲಿ ಹೆಸರು ಬರೆಸಿ ಸರದಿ ಕಾದರು. ಅಂಗಡಿಯಿಂದ ಹೊಸದು ತರಿಸಿ ಎಂದವರಿಗೆಲ್ಲ, ಊಟ ಹಾಕುವವನು ತನ್ನ ಅಡುಗೆ ತಾನೇ ಉಣ್ಣದಿದ್ದರೆ ಹೇಗೆ ಎಂದು ಕೇಳಿದರು.

ಇವತ್ತು ಬೆಳಿಗ್ಗೆ ಭಂಡಾರ ನೋಡಿಕೊಳ್ಳುವ ಹೆಂಗಸಿಗೆ, ಎಲ್ಲರ ಬಾಯಲ್ಲಿ ಭಂಡಾರದಮ್ಮನಿಗೆ, ಮಂಚಗಳ ಹಿಂದೆ ಗುಡಿಸುವಾಗ ಕಸದಲ್ಲಿ ಎರಡು ಚಿಕ್ಕ ವಸ್ತುಗಳು ಸಿಕ್ಕವು. ಕೋಟಿನ ಗುಂಡಿಯಂಥ ಒಂದು ಕರಿಬಿಲ್ಲೆ, ಅದಕ್ಕೆ ಎರಡು ತುಂಡು ತಂತಿ. ಜತೆಗೆ ಉಕ್ಕಿನ ಒಂದು ಸಣ್ಣ ಬಳೆ. ಏನೋ ಎತ್ತೋ ಎಂದು ಆಕೆ ಅವನ್ನು ವಿಚಾರಣೆಗೆ ಬಂದಿದ್ದ ಇನ್‌ಸ್ಪೆಕ್ಟರಮ್ಮನ ಅಂಗೈಗೆ ಹಾಕಿದಳು. ಅಲ್ಲೇ ನಿಂತಿದ್ದ, ಭಂಡಾರದ ಮಷಿನ್ನುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಬಿಳುಚಿಕೊಂಡ. ಇನ್‌ಸ್ಪೆಕ್ಟರಮ್ಮ ಇದೇನಪ್ಪ ಎಂದು ಕೇಳಿದ ಮೇಲೆ ತಡವರಿಸುತ್ತ ಬಿಡಿಸಿ ಹೇಳಿದ.

ಆಕ್ಸಿಜನ್ ಕಡಿಮೆಯಾದರೆ ಕೂಗಿ ಎಬ್ಬಿಸುವ ಗಂಟೆ ಆ ಬಿಲ್ಲೆ. ಮಷಿನ್ನಿನ ಒಳಗಿನ ಕೊಳವೆ ಕಳಚದಂತೆ ಹಿಡಿದಿಡುವುದು ಆ ಬಳೆ. ಬಳೆಯಿಲ್ಲದ ಕೊಳವೆ ಅದುರಿ ಅದುರಿ ಒಂದು ಹೊತ್ತಿನಲ್ಲಿ ಕಳಚಿಕೊಳ್ಳುತ್ತದೆ. ಗಂಟೆಯಿಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮಷಿನ್ ಮಾತ್ರ ಏನೂ ಆಗದಂತೆ ಗುರುಗುಡುತ್ತಲೇ ಇರುತ್ತದೆ. ಇವೆರಡೂ ಹೊಸ ಮಾಡೆಲ್ಲಿನವು, ಭಂಡಾರದಲ್ಲಿರುವ ಹೊಸ ಮಷಿನ್ ಒಂದೇ, ಅದು ಈಗಷ್ಟೇ ವ್ಯಾನಿನಲ್ಲಿ ಸಾಹುಕಾರರ ಮನೆಗೆ ಹೋಯಿತು ಎಂದಾಗ ಇನ್‌ಸ್ಪೆಕ್ಟರಮ್ಮ ಮಂಡಿನೋವು ಮರೆತು ಓಡಿದ್ದರು.

"ಹೊಸದು ಎಲ್ಲಿ?" ಎಂದರು ಈಗ.

ಸಾಹುಕಾರರು ಬೆಣ್ಣೆ ಕದ್ದು ಸಿಕ್ಕಿಬಿದ್ದ ಮಗುವಿನಂತೆ ಕಿಟಕಿಯ ಕಡೆ ನೋಡಿದರು. ಆಮೇಲೆ ಹೇಳಿದರು. ವ್ಯಾನಿನಲ್ಲಿ ಎರಡು ಮಷಿನ್ ಇದ್ದವಂತೆ. ಒಂದು ಹೊಚ್ಚ ಹೊಸದು, ಸುತ್ತ ಒಗೆದ ದುಪ್ಪಟಿ ಹೊದಿಸಿದ್ದು. ಇನ್ನೊಂದು ಮೈತುಂಬ ನೆಗ್ಗಿದ್ದು. ಹೊಸದು ನಿಮಗೆ, ಹಳೆಯದು ಯಾರೋ ಅಜ್ಜಿಗೆ ಎಂದ ಡ್ರೈವರ್. ಸಾಹುಕಾರರಿಗೆ ಕೂಡಲೇ ಅರ್ಥವಾಯಿತು. ತಮಗಾಗಿ ಯಾರೋ ಒಳ್ಳೆಯದನ್ನು ಬಚ್ಚಿಟ್ಟಿದ್ದಾರೆ.

"ಜಗಲಿ ಮೇಲೆ ಕೂತುಬಿಟ್ಟೆ. ಹೊಸದನ್ನ ಇಳಿಸೋಕೆ ಬಿಡಲಿಲ್ಲ. ಸರದಿಯಲ್ಲಿ ನನಗೆ ಬರಬೇಕಾದ್ದು ಹಳೇದು, ಅದನ್ನೇ ಇಳಿಸು ಅಂದೆ. ಹೊಸದು ಆ ತಾಯಿಗೆ ಹೋಗಲಿ ಅಂದೆ."

"ಯಾವ ತಾಯಿ?"

"ಕೇಳಲಿಲ್ಲಮ್ಮ. ಕೇಳಬಾರದು ಅಂತ ನಾನೇ ಅಲ್ವಾ ನಿಯಮ ಮಾಡಿದ್ದು?"

ಇನ್‌ಸ್ಪೆಕ್ಟರಮ್ಮ ಆ ಬಿಲ್ಲೆಯ ವಿಷಯ ಹೇಳಿದರು. ತಾನು ಉಳಿದೆ ಎಂಬ ಸಮಾಧಾನ ಒಂದು ಕ್ಷಣವೂ ಸಾಹುಕಾರರ ಮುಖದಲ್ಲಿ ಸುಳಿಯಲಿಲ್ಲ. ಮೂಗಿನ ಕೊಳವೆ ಕಿತ್ತು ಏಳಲು ಹೋದವರನ್ನು ಮೆಕ್ಯಾನಿಕ್ ಹಿಡಿದು ಕೂರಿಸಬೇಕಾಯಿತು.

*

ಭಂಡಾರದಮ್ಮ ಇವರ ಹಿಂದೆಯೇ ಆಟೋ ಹಿಡಿದು ಬಂದು, ಕೈ ಸುಮ್ಮನಿರದೆ ಅಡುಗೆಮನೆಯಲ್ಲಿ ಸಭೆಯವರಿಗೆ ಚಹದ ಲೋಟ ಜೋಡಿಸುತ್ತಿದ್ದಳು. ಇನ್‌ಸ್ಪೆಕ್ಟರಮ್ಮ ಅಲ್ಲಿಗೇ ಬಂದು ಸಂಗತಿ ಹೇಳಿದರು.

ಹೌದು, ಬಚ್ಚಿಟ್ಟದ್ದು ತಾನೇ ಎಂದಳು. ಹೊಸ ಮಷಿನ್ ಬಂದ ದಿನವೇ ಮಂಚಗಳ ಹಿಂದೆ ಸರಿಸಿ, ಮನೆಯಿಂದ ದುಪ್ಪಟಿ ತಂದು ಮುಚ್ಚಿದ್ದಳಂತೆ. ಊರಿಗೆಲ್ಲ ಉಸಿರು ಕೊಟ್ಟ ಮನುಷ್ಯ ತುಕ್ಕು ಹಿಡಿದ ಡಬ್ಬದಿಂದ ಉಸಿರಾಡುವುದನ್ನು ನೋಡಲು ಅವಳ ಮನಸ್ಸು ಒಪ್ಪಿರಲಿಲ್ಲ.

"ಪ್ರೀತಿಗೆ ಮಾಡ್ದೆ ಅಮ್ಮ" ಎಂದಳು. "ಇಷ್ಟು ವರ್ಷದಲ್ಲಿ ಒಂದೇ ಸಲ ನಿಯಮ ಮುರಿದೆ."

ಇನ್‌ಸ್ಪೆಕ್ಟರಮ್ಮ ಅವಳ ತಲೆ ಸವರಿದರು. ಬೈಯಲು ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಮೊದಲು ಮನೆ ಯಾವುದು ಹೇಳು ಎಂದರು.

ಬಣ್ಣದಂಗಡಿ ಓಣಿ. ಒಬ್ಬಳೇ ಇರುವ ವಯಸ್ಸಾದ ಹೆಂಗಸು. ತುಂಬ ದಿನದಿಂದ ಕಾಯುತ್ತಿದ್ದಳು, ಒಂದು ದಿನವೂ ಅವಸರ ಮಾಡಿದವಳಲ್ಲ. ಭಂಡಾರದಮ್ಮ ಆ ಮನೆಗೆ ಫೋನು ಹಚ್ಚಿದಳು. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಒಳಗೆ ಮಲಗುವುದು ಆಕೆಯ ಅಭ್ಯಾಸ ಎಂದಳು, ಮತ್ತೆ ಮತ್ತೆ ಒತ್ತುತ್ತ. ಆಂಬುಲೆನ್ಸಿಗೆ ಹೇಳಿದ್ದಾಯಿತು. ಆದರೆ ಆ ಓಣಿಯಲ್ಲಿ ದೊಡ್ಡ ಗಾಡಿ ನುಗ್ಗುವುದಿಲ್ಲ, ಬಾಯಲ್ಲೇ ನಿಲ್ಲಿಸಿ ಸ್ಟ್ರೆಚರ್ ಹೊತ್ತು ನಡೆಯಬೇಕು.

"ನಾನು ಹೋಗ್ತೀನಮ್ಮ" ಎಂದ ಮೆಕ್ಯಾನಿಕ್. "ಬೈಕು ಹೊರಗಿದೆ. ಬಿಚ್ಚಿದ್ದನ್ನ ಹಾಕೋಕೂ ನಾನೇ ಬೇಕು."

ಇನ್‌ಸ್ಪೆಕ್ಟರಮ್ಮ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಬಿಲ್ಲೆಯನ್ನೂ ಬಳೆಯನ್ನೂ ಅವನ ಕೈಗಿತ್ತರು. ಅಷ್ಟು ಅವಸರದಲ್ಲೂ ಅವನು ಹೊರಡುವ ಮುನ್ನ ಒಂದು ಸ್ಟೂಲು ಎಳೆದು, ಅವರ ನೋವಿನ ಕಾಲಿಗೆ ಆಸರೆಯಾಗುವಂತೆ ಇಟ್ಟು ಹೋದ. ಯಾರೂ ಹೇಳಿರಲಿಲ್ಲ. ಹೆತ್ತ ಮಕ್ಕಳಿಗೂ ಕಾಣದ್ದು ಇವನ ಕಣ್ಣಿಗೆ ಕಂಡಿತಲ್ಲ ಎಂದುಕೊಂಡರು ಅವರು. ಹೊರಗೆ ಬೈಕು ಗುಟುರು ಹಾಕಿ ದೂರವಾಯಿತು.

ಈಗ ಯೋಚಿಸಬೇಕಿತ್ತು.

ನಿಯಮದಂತೆ ನಡೆದಿದ್ದರೆ ಯಾವ ಮಷಿನ್ ಯಾರ ಮನೆಗೆ ಹೋಗುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಗುರಿ ಇಡುವುದು ಹೇಗೆ? ಒಬ್ಬಳ ಪ್ರೀತಿ ಹೊಸ ಮಷಿನ್ನಿಗೆ ದುಪ್ಪಟಿ ಹೊದಿಸಿತು. ಹೊದಿಸಿದ ಆ ಗಳಿಗೆಯಿಂದ ಅದು ಸಾಹುಕಾರರ ಮಷಿನ್ ಆಯಿತು, ಕೊಲ್ಲಬೇಕೆಂದವರಿಗೆ ಗುರುತೂ ಆಯಿತು.

ಹಾಗಾದರೆ ಆ ದುಪ್ಪಟಿಯ ಗುಟ್ಟು ಯಾರಿಗೆ ಗೊತ್ತಿತ್ತು? ಭಂಡಾರದಮ್ಮ ಕಣ್ಣೊರೆಸಿಕೊಂಡು ಹೇಳಿದಳು. ತನಗೆ, ಮಷಿನ್ ಪರೀಕ್ಷೆ ಮಾಡಿಟ್ಟ ಮೆಕ್ಯಾನಿಕ್‌ಗೆ, ದೊಡ್ಡಪ್ಪನಿಗೆ ಏನು ಕೊಡುತ್ತೀರಿ ತೋರಿಸಿ ಎಂದು ಬಂದಿದ್ದ ಸಾಹುಕಾರರ ತಮ್ಮನ ಮಗನಿಗೆ, ಅವನ ಜತೆ ಬಂದಿದ್ದ ಟ್ರಸ್ಟಿನ ಕಾರ್ಯದರ್ಶಿಗೆ.

ಬಿಲ್ಲೆಯನ್ನು ತಂದುಕೊಟ್ಟವಳು ಈಕೆ. ಅದು ಏನೆಂದು ಹೇಳಿದವನು ಮೆಕ್ಯಾನಿಕ್. ಅವನು ಬಾಯಿ ಬಿಡದಿದ್ದರೆ ಅದು ಬರೀ ಗುಂಡಿಯಾಗಿಯೇ ಉಳಿಯುತ್ತಿತ್ತು. ಉಳಿದವರು ಇಬ್ಬರು. ಇಬ್ಬರೂ ಹಜಾರದಲ್ಲಿದ್ದಾರೆ.

*

ಹಜಾರದಲ್ಲಿ ಕುರ್ಚಿಗಳು ತುಂಬಿದ್ದವು. ಸಂಜೆ ಶಾಲೆಯ ಮೇಷ್ಟ್ರು, ವಾದ್ಯಮೇಳದವರು, ವಾಚನಾಲಯದವರು. ಹೊಲಿಗೆ ಸಂಘದ ಅಧ್ಯಕ್ಷೆ ಪಕ್ಕದವರ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಇನ್ನು ಮೇಲೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಕಾಟ ತಪ್ಪುತ್ತೆ ಎನ್ನುತ್ತಿದ್ದಳು. ಸುತ್ತಲಿನವರು ನಕ್ಕರು. ಮೂಲೆಯ ಮೇಜಿನ ಬಳಿಯಿದ್ದ ಕಾರ್ಯದರ್ಶಿಯೂ ನಕ್ಕರು. ಬಿಳಿ ಅಂಗಿ, ಬಾಚಿದ ನರೆಗೂದಲು, ತೋಳಿನ ಮೇಲೆ ಮಡಿಸಿಟ್ಟ ಸಾಹುಕಾರರ ಶಾಲು. ಮೂವತ್ತು ವರ್ಷ ಆ ಶಾಲು ಹೊತ್ತ ಕೈ ಅದು.

ತಮ್ಮನ ಮಗ ಬಾಗಿಲ ಬಳಿ ಕಾರಿನ ಕೀಲಿ ತಿರುಗಿಸುತ್ತ ನಿಂತಿದ್ದ. ಸಭೆ ಯಾವಾಗ ಮುಗಿಯುತ್ತದೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ದೊಡ್ಡಪ್ಪನ ಮನೆಯ ಮೇಲೆ ಅವನಿಗೆ ಕಣ್ಣು ಎಂದು ಊರೇ ಆಡಿಕೊಳ್ಳುತ್ತಿತ್ತು. ಅವನೂ ಅದನ್ನು ಎಂದೂ ಅಲ್ಲಗಳೆದವನಲ್ಲ.

ಸಾಹುಕಾರರು ಸ್ವಲ್ಪ ತಡವಾಗಿ ಬರುತ್ತಾರೆ, ಎಲ್ಲರೂ ಅಂಗಳದಲ್ಲಿ ಚಹ ಕುಡಿಯಿರಿ ಎಂದು ಇನ್‌ಸ್ಪೆಕ್ಟರಮ್ಮ ನಗುನಗುತ್ತ ಜನರನ್ನು ಹೊರಗೆ ದಾಟಿಸಿದರು. ಇವರಿಬ್ಬರನ್ನು ಮಾತ್ರ ಕಣ್ಣಿನಲ್ಲೇ ತಡೆದರು. ಬಾಗಿಲು ಮುಂದೆ ಮಾಡಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಯಾರು ಎಂದು ನೋಡುವುದಷ್ಟೇ ಅವರಿಗೆ ಬೇಕಿರಲಿಲ್ಲ. ಆ ಮಷಿನ್ನಿಗೆ ಇನ್ನೂ ಏನೇನು ಮಾಡಿಟ್ಟಿದ್ದಾರೋ, ಮಾಡಿದವರ ಬಾಯಿಂದಲೇ ಬರಬೇಕಿತ್ತು. ಬಣ್ಣದಂಗಡಿ ಓಣಿಯ ಆ ಹೆಂಗಸಿನ ಉಸಿರು ಆ ಮಾತಿನ ಮೇಲೆ ನಿಂತಿತ್ತು.

ಸುತ್ತಿ ಬಳಸಲಿಲ್ಲ. ಭಂಡಾರದಲ್ಲಿ ದುಪ್ಪಟಿ ಹೊದಿಸಿಟ್ಟ ಮಷಿನ್ ಬಿಚ್ಚಿ, ಸಾಹುಕಾರರು ನಿದ್ದೆಯಲ್ಲೇ ಹೋಗುವ ಹಾಗೆ ಮಾಡಿದ್ದಾರೆ ಎಂದರು.

ತಮ್ಮನ ಮಗನ ಕೈಯಿಂದ ಕೀಲಿ ಜಾರಿ ಕೆಳಗೆ ಬಿತ್ತು. "ದೊಡ್ಡಪ್ಪ?" ಎಂದ.

"ಮೇಲಿದ್ದಾರೆ. ಚೆನ್ನಾಗಿದ್ದಾರೆ."

ಅವನು ಇನ್ನೊಂದು ಮಾತು ಕೇಳದೆ ಮೆಟ್ಟಿಲು ಹತ್ತಿ ಓಡಿದ. ಮೇಲಿನಿಂದ, ಇಷ್ಟು ದೊಡ್ಡ ಗಂಡಸು ಹೀಗೆ ಅಳುತ್ತಾನೆಯೇ ಎನ್ನಿಸುವಂಥ ದನಿ ಕೇಳಿತು. ಅದರ ಹಿಂದೆಯೇ ಸಾಹುಕಾರರ ದನಿ, ಏಳೋ, ಬಿಡೋ ಕತ್ತು, ಮಷಿನ್ ಮಾಡದ್ದನ್ನ ನೀನು ಮಾಡ್ತೀಯ ಎಂದು.

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಕಾರ್ಯದರ್ಶಿಯ ಕಡೆ ತಿರುಗಿದರು.

ಆ ಮನುಷ್ಯನ ಮುಖದಲ್ಲಿ ಆಡಬೇಕಾದ ಭಾವವೆಲ್ಲ ಅದರದರ ಜಾಗದಲ್ಲಿತ್ತು. ಎಂಥ ಕಾಲ ಬಂತು, ಯಜಮಾನರಂಥವರಿಗೂ ಶತ್ರುಗಳೇ ಎಂದರು. ದೇವರು ದೊಡ್ಡವನು ಎಂದರು. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದರು, ಒಂದು ಹನಿಯೂ ಚೆಲ್ಲಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು.

"ದೇವರು ಅರ್ಧ ದೊಡ್ಡವನು" ಎಂದರು ಇನ್‌ಸ್ಪೆಕ್ಟರಮ್ಮ. "ಆ ಮಷಿನ್ ಬೇರೆ ಮನೆಗೆ ಹೋಗಿದೆ. ಬಣ್ಣದಂಗಡಿ ಓಣಿಗೆ. ಯಾರೋ ಒಂಟಿ ಹೆಂಗಸು."

ಲೋಟ ತುಟಿಯವರೆಗೆ ಹೋಗಿ ನಿಂತಿತು.

"ಮಹಡಿ ಮನೆಯಾ?"

"ನಾನು ಮಹಡಿ ಅನ್ನಲಿಲ್ಲವಲ್ಲ."

"ನೀಲಿ ಬಾಗಿಲಿನ..." ಕಾರ್ಯದರ್ಶಿ ಲೋಟವನ್ನು ಮೇಜಿನ ಮೇಲೆ ಇಟ್ಟೆನೆಂದುಕೊಂಡು ಗಾಳಿಯಲ್ಲಿ ಇಟ್ಟರು. ಅದು ಬಿದ್ದು ಚೂರಾಯಿತು. "ಇಲ್ಲ. ಅವಳು ಕೇಳೇ ಇಲ್ಲ. ನನಗೆ ಹೇಳದೆ ಅವಳು... ಅಕ್ಕ ಅದು. ನಮ್ಮಕ್ಕ."

ಇನ್‌ಸ್ಪೆಕ್ಟರಮ್ಮ ಬೀಸಿದ ಬಲೆಗೆ ಇಂಥ ಮೀನು ಬೀಳುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಮೆಕ್ಯಾನಿಕ್.

ತಲುಪಿದೆ ಎಂದ. ಅಮ್ಮನವರು ಚೆನ್ನಾಗಿದ್ದಾರೆ, ಬಾಗಿಲು ಅವರೇ ತೆಗೆದರು, ಈಗ ತಾನೇ ಮಷಿನ್ ಹಚ್ಚಿಕೊಂಡು ಮಲಗಲು ಹೊರಟಿದ್ದರಂತೆ. ಬಳೆ, ಗಂಟೆ ಎರಡೂ ಹಾಕಿಬಿಡುತ್ತೇನೆ, ಚಿಂತೆ ಬಿಡಿ ಎಂದ. ಆಂಬುಲೆನ್ಸಿನವರು ಓಣಿಯ ಬಾಯಿಗೆ ಬಂದಿದ್ದರು, ಸುಮ್ಮನೆ ಅವರನ್ನು ಇಲ್ಲಿ ಕಟ್ಟಿಹಾಕುವುದೇಕೆ, ಇನ್ನೊಬ್ಬರಿಗೆ ಬೇಕಾದೀತು ಎಂದು ವಾಪಸು ಕಳಿಸಿದೆ ಎಂದ. ದನಿಯಲ್ಲಿ ಎಂದಿನ ನೆಮ್ಮದಿ.

ಇನ್‌ಸ್ಪೆಕ್ಟರಮ್ಮ ಕುರ್ಚಿಯಲ್ಲಿ ಒರಗಿದರು.

"ನಿಮ್ಮಕ್ಕ ಚೆನ್ನಾಗಿದ್ದಾರೆ. ನಮ್ಮವರು ಹೋಗಿ ಮಷಿನ್ ಸರಿ ಮಾಡ್ತಿದ್ದಾರೆ. ಈಗ ಕೂತು ಹೇಳಿ."

ಕಾರ್ಯದರ್ಶಿ ಕುಳಿತರು. ಮೂವತ್ತು ವರ್ಷದ ಬಿಗಿ ಇಸ್ತ್ರಿ ಒಂದೇ ಸಲಕ್ಕೆ ಮುದುರಿದಂತಿತ್ತು. ಅಳು ಬರಲಿಲ್ಲ, ಮಾತು ಬಂತು. ಒಡೆದ ಕೆರೆಯ ಹಾಗೆ ಬಂತು.

ತಾಯಿ ಸತ್ತಾಗ ತಾನಿನ್ನೂ ಅಂಬೆಗಾಲಿಡುತ್ತಿದ್ದೆ ಎಂದರು. ಅಕ್ಕ ಮದುವೆಯಾಗದೆ, ಹೊಲಿಗೆ ಹೊಲಿದು ತನ್ನನ್ನು ಓದಿಸಿದಳು. ಬಣ್ಣದಂಗಡಿಯ ಧೂಳು ಕುಡಿದು ಕುಡಿದು ಅವಳ ಎದೆ ಕೆಟ್ಟಿತು. ನಾನೊಂದು ಮಾತು ಹೇಳಿದರೆ ನಾಳೆಯೇ ಮಷಿನ್ ಮನೆಗೆ ಬರುತ್ತದೆ ಎಂದು ಇವರು ಹೇಳಿದಾಗ, ಬೇರೆಯವರ ಸರದಿ ತಿಂದ ಉಸಿರು ನನಗೆ ಬೇಡ ಎಂದಿದ್ದಳಂತೆ. ಮಾತಿಗೆ ಮಾತು ಬೆಳೆದು ಹೋಗಿ ಬರುವುದೂ ನಿಂತಿತ್ತು. ಅವಳು ತನ್ನ ತಮ್ಮ ಯಾರು ಎನ್ನದೆ, ಎಲ್ಲರ ಹಾಗೆ ಭಂಡಾರಕ್ಕೆ ಹೋಗಿ ಹೆಸರು ಬರೆಸಿದ್ದು ಇವರಿಗೆ ತಿಳಿದಿರಲಿಲ್ಲ.

"ಯಜಮಾನರ ಮೇಲೆ ಇಷ್ಟೊಂದು ದ್ವೇಷ ಯಾಕೆ?" ಎಂದರು ಇನ್‌ಸ್ಪೆಕ್ಟರಮ್ಮ.

"ದ್ವೇಷ ಅಲ್ಲಮ್ಮ. ಮೂವತ್ತು ವರ್ಷ ಅವರು ಕೊಟ್ಟರು, ಆದರೆ ಜನ ಬಂದು ಕೇಳ್ತಿದ್ದದ್ದು ನನ್ನನ್ನ. ನನ್ನ ಮೇಜಿನ ಮುಂದೆ ನಿಲ್ತಿದ್ರು. ಸಂಘಗಳೇ ಟ್ರಸ್ಟ್ ನಡೆಸಿದ್ರೆ ನಾಳೆ ಬೆಳಿಗ್ಗೆ ನನ್ನ ಮೇಜಿನ ಮುಂದೆ ಯಾರು ನಿಲ್ತಾರೆ?"

ಆ ಮಾತು ಆಡಿದ ಮೇಲೆ ಅದರ ಸಣ್ಣತನ ಅವರಿಗೇ ಕೇಳಿಸಿರಬೇಕು. ತಲೆ ತಗ್ಗಿಸಿದರು. ಫೋನಿನಲ್ಲಿ ಬೆದರಿಸಿದ್ದು ತಾನೇ, ಹೆದರಿ ಸಭೆ ಮುಂದೆ ಹಾಕುತ್ತಾರೆ ಎಂದುಕೊಂಡಿದ್ದೆ ಎಂದರು. ಯಜಮಾನರು ಹೆದರಲಿಲ್ಲ. ಆಮೇಲೆ ಈ ಮಷಿನ್ನಿನ ಉಪಾಯ. ಸಾಯಲಿ ಎಂದಲ್ಲ, ಉಸಿರು ಸ್ವಲ್ಪ ಭಾರವಾಗಿ, ಗಂಟೆ ಕೂಗಿ, ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿದರೆ ಸಭೆ ನಿಲ್ಲುತ್ತದೆ. ಹಾವೂ ಸಾಯದು, ಕೋಲೂ ಮುರಿಯದು.

"ಗಂಟೆ ಕೂಗಿ?" ಇನ್‌ಸ್ಪೆಕ್ಟರಮ್ಮ ಮುಂದೆ ಬಾಗಿದರು. "ಗಂಟೆಯನ್ನ ಕಿತ್ತು ಕಸಕ್ಕೆ ಎಸೆದಿದ್ರಲ್ಲ."

"ಇಲ್ಲ." ಕಾರ್ಯದರ್ಶಿ ತಲೆಯೆತ್ತಿದರು. "ಗಂಟೆ ಮುಟ್ಟೋ ಮಾತೇ ಇರಲಿಲ್ಲ. ಬಳೆ ಮಾತ್ರ ಸಡಿಲ ಮಾಡ್ತೀನಿ, ಗಂಟೆ ಕೂಗುತ್ತೆ, ಜನ ಓಡಿ ಬರ್ತಾರೆ ಅಂದಿದ್ದ."

"ಯಾರು ಅಂದಿದ್ದ?"

"ನನಗೆಲ್ಲಿ ಬರುತ್ತಮ್ಮ ಅದನ್ನ ಬಿಚ್ಚೋಕೆ? ಪೆನ್ನಿನ ರೀಫಿಲ್ ಹಾಕೋಕೂ ಇನ್ನೊಬ್ಬರನ್ನ ಕರೀತೀನಿ. ನಾನು ಬಾಗಿಲಲ್ಲಿ ನಿಂತಿದ್ದೆ, ಅಷ್ಟೇ. ಈ ಉಪಾಯ ಹೇಳಿದ್ದೂ ಅವನೇ. ನಾನು ಹುಡುಕಿಕೊಂಡು ಹೋಗಲಿಲ್ಲ, ಅವನಾಗೇ ನನ್ನ ಮೇಜಿನ ಹತ್ತಿರ ಬಂದ. ದುಡ್ಡು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಏನೂ ಕೇಳಲಿಲ್ಲ."

ಬೆಳಿಗ್ಗೆ ಬಿಲ್ಲೆ ನೋಡಿ ಬಿಳುಚಿಕೊಂಡಿದ್ದ ಮುಖ ಇನ್‌ಸ್ಪೆಕ್ಟರಮ್ಮನ ಕಣ್ಣ ಮುಂದೆ ಬಂತು; ಅದು ಏನೆಂದು ಅವನು ಹೇಳಿದ್ದು ತಾವು ಕೇಳಿದ ಮೇಲೆಯೇ. ಉತ್ತರ ಬರುವ ಮೊದಲೇ ಅದು ಮೈಗೆ ತಿಳಿದುಬಿಟ್ಟಿತ್ತು.

ಕಾರ್ಯದರ್ಶಿಗೂ ಏನೋ ಹೊಳೆದಂತಿತ್ತು. "ಅಕ್ಕನ ಮನೆಗೆ ನಿಮ್ಮವರು ಹೋಗಿದ್ದಾರೆ ಅಂದ್ರಲ್ಲ" ಎಂದರು, ಒಂದೊಂದೇ ಮಾತನ್ನು ಎತ್ತಿ ಇಡುತ್ತ. "ಯಾರನ್ನ ಕಳಿಸಿದ್ರಿ?"

"ಮೆಕ್ಯಾನಿಕ್‌ನನ್ನ" ಎಂದರು ಇನ್‌ಸ್ಪೆಕ್ಟರಮ್ಮ, ಫೋನು ಎತ್ತಿಕೊಳ್ಳುತ್ತ.

ಇನ್‌ಸ್ಪೆಕ್ಟರಮ್ಮ ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. ಸ್ವಿಚ್ ಆಫ್. ಆಂಬುಲೆನ್ಸಿಗೆ ಹಚ್ಚಿ, ವಾಪಸು ತಿರುಗಿ, ಅದೇ ಮನೆ, ಮಹಡಿ, ನೀಲಿ ಬಾಗಿಲು, ಒಡೆದಾದರೂ ಸರಿ ಎಂದರು. ಗಾಡಿ ಬೇರೆ ಕರೆಗೆ ಹೊರಟುಬಿಟ್ಟಿದೆ, ತಿರುಗಿಸುತ್ತೇವೆ ಎಂದಿತು ಅತ್ತಲಿನ ದನಿ.

ಈ ನಡುವೆ ಕಾರ್ಯದರ್ಶಿ ತಮ್ಮ ಫೋನಿನಿಂದ ಅಕ್ಕನ ನಂಬರು ಒತ್ತಿದ್ದರು. ಬಾರಿಸಿತು. ಬಾರಿಸುತ್ತಲೇ ಇತ್ತು. ಇನ್ನೇನು ನಿಲ್ಲುತ್ತದೆ ಎನ್ನುವಾಗ ಯಾರೋ ಎತ್ತಿದರು.

"ಯಾರು... ತಮ್ಮನಾ?"

ಇನ್‌ಸ್ಪೆಕ್ಟರಮ್ಮ ಕೈ ಚಾಚಿ ಸ್ಪೀಕರ್ ಒತ್ತಿದರು. ಹಜಾರದ ತುಂಬ ಆ ಮುದಿ ದನಿ ಹರಡಿತು. ಮೆಲ್ಲಗೆ, ಎಳೆದು ಎಳೆದು ಮಾತಾಡುತ್ತಿತ್ತು.

"ಎಷ್ಟು ದಿನ ಆಯ್ತೋ ನಿನ್ನ ದನಿ ಕೇಳಿ. ಇವತ್ತು ಏನು ಒಳ್ಳೇ ದಿನವೋ. ಮಷಿನ್ ಬಂತು. ನೀನೂ ಬಂದೆ."

"ಅಕ್ಕಾ, ಎದ್ದು ಕೂತ್ಕೋ. ಮನೇಲಿ ಯಾರಿದ್ದಾರೆ?"

"ಯಾರೂ ಇಲ್ವೋ. ಭಂಡಾರದವರು ಒಬ್ಬರನ್ನ ಕಳಿಸಿದ್ರು. ಎಂಥ ಒಳ್ಳೇ ಹುಡುಗ ಅಂತೀಯ. ಮಷಿನ್ನೆಲ್ಲ ನೋಡಿ, ಕೊಳವೆ ತಾನೇ ಹಚ್ಚಿದ. ಫೋನು ಅಡುಗೆಮನೇಲಿದ್ರೆ ಎದ್ದು ಹೋಗೋಕೆ ಕಷ್ಟ ಅಂತ ದಿಂಬಿನ ಹತ್ತಿರ ತಂದಿಟ್ಟ. ಕಾಲಿಗೆ ಹೊದಿಕೆ ಹೊದಿಸಿ, ಮಲ್ಕೊಳ್ಳಮ್ಮ ಅಂತ ಹೇಳಿ ಬಾಗಿಲು ಎಳ್ಕೊಂಡು ಹೋದ."

"ಅಕ್ಕಾ, ನನ್ನ ಮಾತು ಕೇಳು. ಹೋಗಿ ಕಿಟಕಿ ತೆಗಿ. ಪಕ್ಕದ ಮನೆಯವರನ್ನ ಕೂಗು."

"ಆಮೇಲೆ ಕಣೋ. ಈಗ ನಿದ್ದೆ ಬರ್ತಿದೆ. ಎಷ್ಟು ವರ್ಷ ಆಗಿತ್ತೋ, ಹೀಗೆ ನಿದ್ದೆ ಬಂದು..."

ಮಾತು ಅರ್ಧಕ್ಕೇ ನಿಂತಿತು. ಕಾರ್ಯದರ್ಶಿ ಅಕ್ಕಾ, ಅಕ್ಕಾ ಎನ್ನುತ್ತಲೇ ಇದ್ದರು. ಮೇಲಿನಿಂದ ಸಾಹುಕಾರರು ತಮ್ಮನ ಮಗನ ತೋಳು ಹಿಡಿದು ಮೆಟ್ಟಿಲವರೆಗೆ ಬಂದು ನಿಂತದ್ದನ್ನು ಯಾರೂ ನೋಡಲಿಲ್ಲ. ಇನ್‌ಸ್ಪೆಕ್ಟರಮ್ಮ ಫೋನಿನ ಮೇಲೆ ಬಾಗಿ ಕಿವಿಯಿಟ್ಟರು.

ಅತ್ತ ಕಡೆ ಮಷಿನ್ ಸಮನಾಗಿ ಗುರುಗುಡುತ್ತಿತ್ತು. ಬೇರೆ ಯಾವ ಸದ್ದೂ ಇರಲಿಲ್ಲ.